ಸೆನೆಗಲ್‌ನ ಮುಸ್ಲಿಮರು, ಕ್ರೈಸ್ತರು ಮತ್ತು ಒಂದು ಬಕೆಟ್ ಪಾಯಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಎರಡು ವರ್ಷ ಡಾಕರ್‌ನಲ್ಲಿದ್ದೆ. ವಾಪಸ್ ಬಂದ ಮೇಲೆ ಅಲ್ಲಿನ ಸುದ್ದಿ ಹೇಳಿದರೆ ಜನ ಅಷ್ಟು ಸುಲಭವಾಗಿ ನಂಬುವುದಿಲ್ಲ. "ಮುಸ್ಲಿಮರ ದೇಶ ಅಂತೀರಿ, ಕ್ರಿಸ್ಮಸ್‌ಗೆ ರಜೆ ಅಂತೀರಿ, ಹೇಗ್ರೀ ಅದು?" ಅಂತಾರೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಹೊಟ್ಟೆ ಹಸಿದಿದ್ದರೆ ಮೂರನೆಯ ಪ್ರಶ್ನೆಯಿಂದ ಶುರು ಮಾಡಿ.

1. ಸೆನೆಗಲ್ ಎಲ್ಲಿದೆ? ಅಲ್ಲಿ ಯಾರ್ಯಾರಿದ್ದಾರೆ?

ಆಫ್ರಿಕಾ ಖಂಡದ ಪಶ್ಚಿಮ ಮೂಗಿನ ತುದಿ ಅದು. ಅಟ್ಲಾಂಟಿಕ್ ಸಮುದ್ರದ ದಂಡೆ. ರಾಜಧಾನಿ ಡಾಕರ್. 1960ರಲ್ಲಿ ಫ್ರಾನ್ಸ್‌ನಿಂದ ಬಿಡುಗಡೆ ಆಯಿತು. ಈಗ ಜನಸಂಖ್ಯೆ ಸುಮಾರು 1.8 ಕೋಟಿ, ನಮ್ಮ ರಾಜ್ಯದ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಮುಸ್ಲಿಮರು. ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು, ಅವರಲ್ಲೂ ಬಹುಪಾಲು ಕ್ಯಾಥೊಲಿಕರು. ವೊಲೋಫ್, ಫುಲಾ, ಸೆರೆರ್, ಜೋಲಾ ಹೀಗೆ ಹಲವು ಜನಾಂಗಗಳಿವೆ. ಸಂತೆಯಲ್ಲಿ, ಟ್ಯಾಕ್ಸಿಯಲ್ಲಿ ಎಲ್ಲರೂ ಆಡುವುದು ವೊಲೋಫ್.

2. ನಿಜವಾಗಿ ಜಗಳವೇ ಆಗಿಲ್ವಾ?

ಸಣ್ಣಪುಟ್ಟ ತಕರಾರು ಆಗಿವೆ. ಕೆಲವನ್ನು ಮುಂದೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಸ್ವಾತಂತ್ರ್ಯ ಬಂದ ಮೇಲೆ ಮುಸ್ಲಿಮರೂ ಕ್ರೈಸ್ತರೂ ಬಡಿದಾಡಿಕೊಂಡು ಊರು ಸುಟ್ಟರು ಅನ್ನುವಂಥದ್ದು ಅಲ್ಲಿ ನಡೆದಿಲ್ಲ.

3. ಆ ಬಕೆಟ್ ಪಾಯಸದ ಕಥೆ ಏನು?

ಅದರ ಹೆಸರು ನ್ಗಲಾಖ್. ನಿಜ ಹೇಳಬೇಕೆಂದರೆ, ಒಂದನೇ ಕ್ಲಾಸಿನಲ್ಲಿ ತಿದ್ದಿ ಆಮೇಲೆ ಮರೆತುಬಿಟ್ಟ 'ಙ' ಅಕ್ಷರಕ್ಕೆ ಕೊನೆಗೂ ಕೆಲಸ ಸಿಗುವುದು ಇಲ್ಲಿ. 'ಙ್ಗಲಾಖ್' ಅಂತ ಮೂಗಿನಲ್ಲಿ ಶುರು ಮಾಡಿ ಗಂಟಲಲ್ಲಿ ಮುಗಿಸಬೇಕು.

ಇದು ಕ್ರೈಸ್ತರ ತಿನಿಸು. ಯೇಸು ಶಿಲುಬೆಗೇರಿದ ಗುಡ್ ಫ್ರೈಡೇ ದಿನದ್ದು. ಆ ದಿನ ಕ್ಯಾಥೊಲಿಕರು ಮಾಂಸ ಮುಟ್ಟುವುದಿಲ್ಲ, ಉಪವಾಸವೂ ಇರುತ್ತದೆ. ಹಿಂದಿನ ದಿನ, ಅಂದರೆ ಗುರುವಾರ, ಹೆಂಗಸರೆಲ್ಲ ಸೇರಿ ದೊಡ್ಡ ದೊಡ್ಡ ಬೋಗುಣಿಗಳಲ್ಲಿ ಮಾಡುತ್ತಾರೆ. ಸಜ್ಜೆ ಹಿಟ್ಟನ್ನು ನೀರು ಚಿಮುಕಿಸಿ ಕೈಯಲ್ಲಿ ತಿರುಗಿಸಿ ತಿರುಗಿಸಿ ಸಣ್ಣ ಕಾಳು ಮಾಡುತ್ತಾರೆ. ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ. ಹುರಿದ ಶೇಂಗಾ ಅರೆದ ಮುದ್ದೆ ಒಂದು ಕಡೆ. ಬಾವೊಬಾಬ್ ಎಂಬ ದೈತ್ಯ ಮರದ ಹಣ್ಣಿನ ಹುಳಿಹುಳಿ ಬಿಳಿ ಪುಡಿಯನ್ನು ನೀರಲ್ಲಿ ನೆನೆಸಿ ಹಿಂಡಿದ ರಸ ಇನ್ನೊಂದು ಕಡೆ. ಎಲ್ಲ ಕಲಸಿ, ಸಕ್ಕರೆ, ಜಾಜಿಕಾಯಿ, ಒಣದ್ರಾಕ್ಷಿ ಹಾಕಿದರೆ ಆಯಿತು. ಬಣ್ಣ ನಮ್ಮ ಕಡೆಯ ಶೇಂಗಾ ಚಟ್ನಿಯದು. ರುಚಿ ಮಾತ್ರ ಮೊದಲ ಚಮಚಕ್ಕೆ ಸಿಹಿ, ಎರಡನೆಯದಕ್ಕೆ ಹುಳಿ.

ಮಾಡುವುದು ಮನೆಯವರಿಗೆ ಬೇಕಾದ ಅಳತೆಯಲ್ಲಲ್ಲ, ಬೀದಿಗೆ ಬೇಕಾದ ಅಳತೆಯಲ್ಲಿ. ಶುಕ್ರವಾರ ಮಕ್ಕಳು ಮುಚ್ಚಳದ ಪ್ಲಾಸ್ಟಿಕ್ ಬಕೆಟ್ ಹಿಡಿದು ಮನೆಮನೆಗೆ ಓಡುತ್ತಾರೆ. ಹೋಗುವುದು ಹೆಚ್ಚಾಗಿ ಮುಸ್ಲಿಮರ ಮನೆಗೆ, ಯಾಕೆಂದರೆ ಬೀದಿಯಲ್ಲಿ ಇರುವವರೇ ಅವರು. "ಈ ಸಲ ನ್ಗಲಾಖ್ ಯಾವಾಗ?" ಅಂತ ಮುಸ್ಲಿಂ ಗೆಳೆಯರು ಒಂದು ವಾರ ಮುಂಚೆಯೇ ರಾಗ ತೆಗೆಯುತ್ತಾರೆ. ಬರದೇ ಹೋದರೆ ಮುನಿಸು.

ನನ್ನ ಬಾಗಿಲಿಗೂ ಒಂದು ನೀಲಿ ಬಕೆಟ್ ಬಂತು. ಎರಡೂ ಧರ್ಮಕ್ಕೆ ಸೇರದ ನನಗೆ ಯಾಕೆ ಅಂತ ಯಾರೂ ಯೋಚಿಸಲಿಲ್ಲ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರಲ್ಲ, ಊರಿಂದ ತಂದ ಚಕ್ಕುಲಿ ತುಂಬಿ ಕೊಟ್ಟೆ. ಪಕ್ಕದ ಮನೆಯಾಕೆ ಒಂದು ಮುರಿದು ಬಾಯಿಗೆ ಹಾಕಿಕೊಂಡು, "ಇದು ನಿಮ್ಮ ಯಾವ ಹಬ್ಬದ್ದು?" ಅಂತ ಕೇಳಿದರು. ಚಕ್ಕುಲಿಗೆ ಹಬ್ಬವೇ ಬೇಕಿಲ್ಲ ಅಂತ ಫ್ರೆಂಚ್‌ನಲ್ಲಿ ಹೇಳಲು ನನಗೆ ಬರಲಿಲ್ಲ.

4. ಗುಡ್ ಫ್ರೈಡೇ ರಂಜಾನ್ ತಿಂಗಳಲ್ಲೇ ಬಂದರೆ?

ಬಂದಿದೆ. 2023ರಲ್ಲೂ, 2024ರಲ್ಲೂ ಗುಡ್ ಫ್ರೈಡೇ ಬಿದ್ದದ್ದು ರಂಜಾನ್ ಒಳಗೇ. ಹಗಲು ಉಪವಾಸ ಇರುವವರಿಗೆ ಮಧ್ಯಾಹ್ನ ಪಾಯಸ ಕೊಟ್ಟರೆ ಅದು ಉಪಕಾರವಲ್ಲ, ಶಿಕ್ಷೆ! ಹಾಗಾಗಿ ಸಂಜೆಗೆ ಕೊಡುವುದು. ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡುವ ತಿನಿಸಿಗೆ ಅಲ್ಲಿ ನ್ಡೋಗು ಅನ್ನುತ್ತಾರೆ. ಖರ್ಜೂರ, ಬ್ರೆಡ್, ಬಿಸಿ ಕಾಫಿಯ ಪಕ್ಕದಲ್ಲಿ ನ್ಗಲಾಖ್ ಬಟ್ಟಲೂ ಕೂತಿರುತ್ತದೆ. ಒಬ್ಬರ ಉಪವಾಸದ ಅಡುಗೆ ಇನ್ನೊಬ್ಬರ ಉಪವಾಸ ಬಿಡಿಸುತ್ತದೆ.

2025ರಲ್ಲಿ ಇನ್ನೊಂದು ಥರ. ಮಾರ್ಚ್ ಮೊದಲ ವಾರದಲ್ಲಿ ಮುಸ್ಲಿಮರ ರಂಜಾನ್, ಕ್ಯಾಥೊಲಿಕರ ನಲವತ್ತು ದಿನಗಳ ತಪಸ್ಸುಕಾಲ, ಎರಡೂ ಕೆಲವೇ ದಿನಗಳ ಅಂತರದಲ್ಲಿ ಶುರುವಾದವು. ಆಫೀಸುಗಳ ಕ್ಯಾಂಟೀನ್‌ಗಳಿಗೆ ವ್ಯಾಪಾರ ಅಷ್ಟಕ್ಕಷ್ಟೇ ಆಗಿರಬೇಕು.

5. ಎಲ್ಲ ಮುಸ್ಲಿಮರೂ ತಿನ್ನುತ್ತಾರಾ?

ಇಲ್ಲ. "ಬೇರೆ ಧರ್ಮದ ಹಬ್ಬದ ಅಡುಗೆ ನಮಗೆ ಸಲ್ಲದು" ಅನ್ನುವವರೂ ಇದ್ದಾರೆ. ಅಂಥವರ ದನಿ ಮೊಬೈಲ್ ವಿಡಿಯೊಗಳಲ್ಲಿ ಕೇಳುತ್ತದೆ. ಅದಕ್ಕೆ ಉತ್ತರವಾಗಿ ಬೇರೆ ಮೌಲ್ವಿಗಳು ಕುರಾನಿನ ಐದನೆಯ ಅಧ್ಯಾಯದ ಐದನೆಯ ವಚನ ತೋರಿಸುತ್ತಾರೆ. ಗ್ರಂಥ ಪಡೆದವರ ಆಹಾರ ನಿಮಗೆ ಸಲ್ಲುತ್ತದೆ, ನಿಮ್ಮದು ಅವರಿಗೆ ಸಲ್ಲುತ್ತದೆ ಎಂಬುದು ಅದರ ಭಾವ. ಯಹೂದಿಗಳು, ಕ್ರೈಸ್ತರು 'ಗ್ರಂಥ ಪಡೆದವರು'. ಇನ್ನು ಅಜ್ಜಿಯಂದಿರನ್ನು ಕೇಳಿದರೆ ವಚನವನ್ನೂ ಎತ್ತುವುದಿಲ್ಲ. ಸುಮ್ನೆ ತಿನ್ನು ಅಂತಾರೆ.

6. ಮುಸ್ಲಿಮರು ತಿರುಗಿ ಏನು ಕೊಡುತ್ತಾರೆ?

ಬಕ್ರೀದ್‌ಗೆ ಅಲ್ಲಿ ತಬಾಸ್ಕಿ ಅನ್ನುತ್ತಾರೆ. ಕುರಿಯ ಮಾಂಸ ನೆರೆಯ ಕ್ರೈಸ್ತರ ಮನೆಗೆ ಹೋಗುತ್ತದೆ. ಅಥವಾ ಅವರನ್ನೇ ಊಟಕ್ಕೆ ಕರೆಯುತ್ತಾರೆ. ಅಲ್ಲಿ ಊಟ ಅಂದರೆ ಒಂದು ದೊಡ್ಡ ತಟ್ಟೆ, ಸುತ್ತ ಆರೇಳು ಜನ. ನಿಮ್ಮ ಮುಂದಿರುವ ಭಾಗದಿಂದ ಮಾತ್ರ ತಿನ್ನಬೇಕು. ನಡುವಿನ ಮಾಂಸದ ತುಂಡನ್ನು ಮನೆಯಾಕೆ ಮುರಿದು ನಿಮ್ಮ ಕಡೆ ತಳ್ಳುತ್ತಾರೆ. ಯಾರ ಕಡೆ ಎಷ್ಟು ತಳ್ಳಿದರು ಅನ್ನುವುದರ ಮೇಲೆ ನಿಮಗೆ ಆ ಮನೆಯಲ್ಲಿ ಎಷ್ಟು ಮರ್ಯಾದೆ ಅಂತ ಗೊತ್ತಾಗುತ್ತದೆ. ನನಗೆ, ತರಕಾರಿ ತಿನ್ನುವವನಿಗೆ, ಕ್ಯಾರೆಟ್ ಮತ್ತು ಎಲೆಕೋಸು ಗುಡ್ಡೆಯಾಗಿ ಬರುತ್ತಿತ್ತು.

7. ಒಂದೇ ಮನೆಯಲ್ಲಿ ಎರಡು ಧರ್ಮ ಅಂತಾರಲ್ಲ, ಅದು ಹೇಗೆ?

ಈ ಇಡೀ ವಿಷಯದ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ಸೆರೆರ್ ಜನಾಂಗದ ಉದಾಹರಣೆ ತೆಗೆದುಕೊಳ್ಳಿ. ಅವರಿಗೆ ತಮ್ಮದೇ ದೇವರಿದ್ದ. ಹೆಸರು ರೋಗ್ (ನಗಬೇಡಿ, ಅವರ ಭಾಷೆಯಲ್ಲಿ ಅದು ದೇವರೇ). ಸುತ್ತಲಿನವರೆಲ್ಲ ಮುಸ್ಲಿಮರಾದ ಮೇಲೂ ಸೆರೆರರು ಬಹಳ ಕಾಲ ಹಟ ಹಿಡಿದು ಹಳೆಯ ನಂಬಿಕೆಯಲ್ಲೇ ಉಳಿದರು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೇ ಶತಮಾನದ ಶುರುವಿನ ಹೊತ್ತಿಗೆ ಒಂದು ಕಡೆಯಿಂದ ಸೂಫಿ ಗುರುಗಳು, ಇನ್ನೊಂದು ಕಡೆಯಿಂದ ಫ್ರೆಂಚ್ ಪಾದ್ರಿಗಳು ಬಂದರು. ಒಬ್ಬ ತಮ್ಮ ಮದರಸಾಕ್ಕೆ ಹೋದ, ಒಬ್ಬ ತಮ್ಮ ಮಿಷನ್ ಶಾಲೆಗೆ ಹೋದ. ಚಿಕ್ಕಪ್ಪ ಇಮಾಮ್, ದೊಡ್ಡಪ್ಪನ ಮಗ ಪಾದ್ರಿ. ಅಜ್ಜಿ ಮಾತ್ರ ಮರದ ಬುಡಕ್ಕೆ ಹಾಲು ಸುರಿಯುವುದನ್ನು ಬಿಡಲಿಲ್ಲ.

ಹೀಗೆ ಧರ್ಮ ಬಂದದ್ದು ಇತ್ತೀಚೆಗೆ, ನಂಟು ಇದ್ದದ್ದು ಮುಂಚಿನಿಂದ. ಮನೆತನದ ಹೆಸರು ಕೇಳಿದರೆ ಧರ್ಮ ತಿಳಿಯುವುದಿಲ್ಲ. ಫಾಯ್, ದಿಯೂಫ್, ಸಾರ್, ನ್ಡಿಯಾಯ್ ಎರಡೂ ಕಡೆ ಇದ್ದಾರೆ. ಮೊದಲ ಹೆಸರು ಕೇಳಬೇಕು. ಜೋಸೆಫ್ ಫಾಯ್ ಅಂದರೆ ಕ್ರೈಸ್ತ, ಇಬ್ರಾಹಿಮಾ ಫಾಯ್ ಅಂದರೆ ಮುಸ್ಲಿಂ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು ಆಗಿರಬಹುದು.

ಮಾತಿನಲ್ಲೂ ಅಷ್ಟೇ. ಕ್ರೈಸ್ತರೂ ಬಾಗಿಲಲ್ಲಿ ನಿಂತು "ಸಲಾಮಾಲೇಕುಮ್" ಅನ್ನುತ್ತಾರೆ. ದೇವರಿಗೆ ಇಬ್ಬರೂ ವೊಲೋಫ್‌ನಲ್ಲಿ 'ಯಾಲ್ಲಾ' ಅನ್ನುತ್ತಾರೆ. "ನಾಳೆ ಬರ್ತೀಯಾ?" ಅಂದರೆ ಚರ್ಚ್‌ಗೆ ಹೋಗುವವನೂ "ಇನ್‌ಶಾಲ್ಲಾ" ಅನ್ನುತ್ತಾನೆ. ಬರುವುದು ಬಿಡುವುದು ಬೇರೆ ಮಾತು.

8. ಸತ್ತ ಮೇಲೂ ಒಟ್ಟಿಗೆ ಅಂತ ಕೇಳಿದ್ದೇವೆ. ನಿಜವಾ?

ನಿಜ. ಆದರೆ ದೇಶದ ತುಂಬ ಅಲ್ಲ. ಫಾಡಿಯೂತ್ ಎಂಬ ದ್ವೀಪದಲ್ಲಿ.

ಡಾಕರ್‌ನಿಂದ ದಕ್ಷಿಣಕ್ಕೆ, ಸಮುದ್ರದ ದಂಡೆಯಲ್ಲಿ ಜೋಆಲ್ ಅಂತ ಒಂದು ಮೀನುಗಾರರ ಊರು. ಅಲ್ಲಿಂದ ಮರದ ಕಾಲುಸೇತುವೆ ದಾಟಿದರೆ ಫಾಡಿಯೂತ್. ಇಡೀ ದ್ವೀಪ ಕಪ್ಪೆಚಿಪ್ಪಿನದು. ತಲೆಮಾರುಗಳಿಂದ ಜನ ಚಿಪ್ಪಿನ ಮಾಂಸ ತಿಂದು ಎಸೆದದ್ದು ರಾಶಿಯಾಗಿ ನೆಲವಾಗಿದೆ. ನಡೆದರೆ ಕಾಲಡಿ ಕರಕರ ಅನ್ನುತ್ತದೆ, ಹುರಿಗಾಳಿನ ಚೀಲದ ಮೇಲೆ ನಡೆದ ಹಾಗೆ. ದೇಶಕ್ಕೆ ಉಲ್ಟಾ ಇಲ್ಲಿನ ಲೆಕ್ಕ. ಇಲ್ಲಿ ಕ್ರೈಸ್ತರೇ ಹೆಚ್ಚು, ಮುಸ್ಲಿಮರು ಕಮ್ಮಿ. ಚರ್ಚೂ ಇದೆ, ಮಸೀದಿಯೂ ಇದೆ. ಮಸೀದಿ ಕಟ್ಟುವಾಗ ಕ್ರೈಸ್ತರು ಕೈ ಜೋಡಿಸಿದರು, ಚರ್ಚ್ ಕಟ್ಟುವಾಗ ಮುಸ್ಲಿಮರು ಅಂತ ಊರವರು ಹೇಳುತ್ತಾರೆ.

ಊರಿನಿಂದ ಇನ್ನೊಂದು ಸೇತುವೆ ದಾಟಿದರೆ ಸ್ಮಶಾನ. ಅದಕ್ಕೆಂದೇ ಬೇರೆ ಚಿಪ್ಪಿನ ದಿಬ್ಬ. ಬಿಳಿ ಶಿಲುಬೆಗಳು ಏರಿನ ಮೇಲೆ ಸಾಲುಸಾಲಾಗಿ ನಿಂತಿವೆ. ಅದೇ ದಿಬ್ಬದಲ್ಲಿ ಮುಸ್ಲಿಮರ ಗೋರಿಗಳು, ಮೆಕ್ಕಾ ದಿಕ್ಕಿಗೆ ಸರಿಯಾಗಿ. ನಡುನಡುವೆ ಬಾವೊಬಾಬ್ ಮರಗಳು. ಗೋರಿ ತೋಡಲು ಮಣ್ಣಿಲ್ಲ, ಚಿಪ್ಪನ್ನೇ ತೋಡಬೇಕು. ಮುಚ್ಚುವುದೂ ಚಿಪ್ಪಿನಿಂದಲೇ. ಕೆಳಗೆ ಉಬ್ಬರದ ನೀರು ಬಂದು ಹೋಗುತ್ತಿರುತ್ತದೆ. ನಾನು ಹೋದಾಗ ಮಧ್ಯಾಹ್ನದ ಬಿಸಿಲು. ಬಿಳಿ ಚಿಪ್ಪಿನ ಮೇಲೆ ಬೆಳಕು ಬಿದ್ದು ಕಣ್ಣು ಬಿಡಲು ಆಗುತ್ತಿರಲಿಲ್ಲ.

9. ಹಂದಿ ವಿಷಯಕ್ಕೆ ತಕರಾರು ಬರಲ್ವಾ?

ಫಾಡಿಯೂತ್‌ನಲ್ಲಿ ಹಂದಿಗಳು ಆರಾಮಾಗಿ ದಂಡೆಯ ಕೆಸರಿನಲ್ಲಿ ಓಡಾಡಿಕೊಂಡಿವೆ. ಸಾಕುವವರು ಕ್ರೈಸ್ತರು. ಮುಸ್ಲಿಮರು ತಿನ್ನುವುದಿಲ್ಲ, ಸಾಕುವುದಿಲ್ಲ, ಓಡಿಸುವುದೂ ಇಲ್ಲ. ಮುಸ್ಲಿಮರು ಊಟಕ್ಕೆ ಬರುವ ದಿನ ಕ್ರೈಸ್ತರ ಮನೆಯಲ್ಲಿ ಮೀನು ಅಥವಾ ಕೋಳಿ. ಕೋಳಿ ಕೊಯ್ಯಲು ಮುಸ್ಲಿಂ ನೆಂಟನನ್ನೇ ಕರೆದರೆ ಹಲಾಲ್ ಲೆಕ್ಕವೂ ಮುಗಿಯಿತು.

10. ಮುಸ್ಲಿಮರ ದೇಶಕ್ಕೆ ಕ್ರೈಸ್ತ ಅಧ್ಯಕ್ಷ ಇದ್ದರಂತೆ?

ಹೌದು, ಅದೂ ಇಪ್ಪತ್ತು ವರ್ಷ. ಲಿಯೊಪೋಲ್ಡ್ ಸೆಡಾರ್ ಸೆಂಗೋರ್. ಹುಟ್ಟಿದ್ದು 1906ರಲ್ಲಿ, ಮೇಲೆ ಹೇಳಿದ ಜೋಆಲ್‌ನಲ್ಲೇ. ಸೆರೆರ್ ಕ್ಯಾಥೊಲಿಕ್. ಫ್ರೆಂಚ್ ಭಾಷೆಯ ದೊಡ್ಡ ಕವಿ. 1960ರಿಂದ 1980ರ ಕೊನೆಯವರೆಗೆ ಅಧ್ಯಕ್ಷರಾಗಿದ್ದು, ತಾವಾಗಿಯೇ ಕುರ್ಚಿ ಬಿಟ್ಟರು.

ಅವರನ್ನು ಗೆಲ್ಲಿಸಿದ್ದು ಯಾರು ಅನ್ನುವುದೇ ಕುತೂಹಲದ ವಿಷಯ. ಫ್ರೆಂಚರ ಕಾಲದಲ್ಲಿ, 1951ರ ಚುನಾವಣೆಯಲ್ಲಿ, ಅವರಿಗೆ ಎದುರಾಗಿದ್ದದ್ದು ಲಾಮೀನ್ ಗೇಯ್. ಹೆಸರಾಂತ ವಕೀಲರು, ಮುಸ್ಲಿಂ. ಧರ್ಮ ನೋಡಿ ಓಟು ಹಾಕಿದ್ದರೆ ಸೆಂಗೋರ್ ಠೇವಣಿ ಕಳೆದುಕೊಳ್ಳಬೇಕಿತ್ತು. ಆದರೆ ಲಾಮೀನ್ ಗೇಯ್ ಪಟ್ಟಣದ ನಾಯಕ ಅನ್ನಿಸಿಕೊಂಡಿದ್ದರು. ಸೆಂಗೋರ್ ಹಳ್ಳಿಗಳಿಗೆ ಹೋದರು, ಶೇಂಗಾ ಬೆಳೆಯುವ ರೈತರ ಬೆಲೆ, ಸಾಲದ ಮಾತಾಡಿದರು, ಸೂಫಿ ಗುರುಗಳ ಮನೆಬಾಗಿಲಿಗೆ ಹೋದರು. ಮುರೀದ್ ಎಂಬ ಸೂಫಿ ಪಂಥದ ಖಲೀಫ, ಅಂದರೆ ಮುಖ್ಯಗುರು, ಫಾಲಿಲೂ ಮ್ಬಾಕೆ ಅವರ ಬೆನ್ನಿಗೆ ನಿಂತರು. 1962ರಲ್ಲಿ ಪ್ರಧಾನಿ ಮಾಮದೂ ದಿಯಾ ಜೊತೆ ಸೆಂಗೋರ್‌ಗೆ ಜಗಳವಾದಾಗಲೂ, ದಿಯಾ ಶ್ರದ್ಧೆಯ ಮುಸ್ಲಿಂ ಆಗಿದ್ದರೂ, ಖಲೀಫರು ಕ್ಯಾಥೊಲಿಕ್ ಅಧ್ಯಕ್ಷನ ಪಕ್ಷವನ್ನೇ ವಹಿಸಿದರು. 1963ರಲ್ಲಿ ಮುರೀದರ ಪುಣ್ಯಕ್ಷೇತ್ರ ತೂಬಾದ ದೊಡ್ಡ ಮಸೀದಿಯ ಉದ್ಘಾಟನೆಗೆ ಸೆಂಗೋರ್ ಹೋಗಿದ್ದರು.

ಇದರಲ್ಲಿ ಪ್ರೀತಿ ಎಷ್ಟು, ರಾಜಕೀಯ ಎಷ್ಟು? ರಾಜಕೀಯವೇ ಜಾಸ್ತಿ ಅನ್ನುತ್ತೇನೆ ನಾನು. ಗುರುಗಳಿಗೆ ಶೇಂಗಾ ವ್ಯಾಪಾರ ಚೆನ್ನಾಗಿ ನಡೆಯಬೇಕಿತ್ತು, ಸೆಂಗೋರ್‌ಗೆ ಓಟು ಬೇಕಿತ್ತು. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಧರ್ಮ ಬೇರೆಯಾದವರಿಬ್ಬರು ಬೆಲೆಯ ವಿಷಯಕ್ಕೆ ಒಂದಾಗಬಹುದು ಅಂತ ಜನ ಕಣ್ಣಾರೆ ಕಂಡರು.

ಆಮೇಲೆ ಬಂದ ಅಬ್ದು ದಿಯೂಫ್ ಮುಸ್ಲಿಂ, ಅವರ ಹೆಂಡತಿ ಎಲಿಜಬೆತ್ ಕ್ಯಾಥೊಲಿಕ್.

11. ಈ ಸೂಫಿ ಪಂಥಗಳು ಅಂದರೆ ಏನು?

ಅಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಯಾವುದಾದರೂ ಒಂದು ಸೂಫಿ ಪಂಥಕ್ಕೆ ಸೇರಿದವರು. ತಿಜಾನಿ ಮತ್ತು ಮುರೀದ್ ದೊಡ್ಡವು. ಗುರುವಿಗೆ 'ಸೆರಿನ್' ಅಥವಾ 'ಮರಬೂ' ಅನ್ನುತ್ತಾರೆ. ಟ್ಯಾಕ್ಸಿಯ ಗಾಜಿಗೆ, ಕ್ಷೌರದಂಗಡಿಯ ಗೋಡೆಗೆ ಗುರುಗಳ ಚಿತ್ರ. ನಮ್ಮಲ್ಲಿ ಸಿದ್ಧಾರೂಢರ, ರಾಯರ ಫೋಟೊ ಇದ್ದ ಹಾಗೆ.

ಮುರೀದ್ ಪಂಥ ಕಟ್ಟಿದವರು ಅಹ್ಮದು ಬಾಂಬಾ. ಅವರ ಸುತ್ತ ಜನ ಸೇರುವುದನ್ನು ಕಂಡು ಹೆದರಿದ ಫ್ರೆಂಚರು 1895ರಲ್ಲಿ ಅವರನ್ನು ಗಬೋನ್‌ಗೆ ಗಡಿಪಾರು ಮಾಡಿದರು. ಏಳು ವರ್ಷ ಬಿಟ್ಟು ವಾಪಸ್ ಬಂದರು. ಗಡಿಪಾರು ಮಾಡಿದವರು ಕ್ರೈಸ್ತ ದೇಶದವರು ಅಂತ ಬಾಂಬಾ ಶಿಷ್ಯರಿಗೆ ಕತ್ತಿ ಹಿಡಿಯಲು ಹೇಳಲಿಲ್ಲ. ಹೋರಾಟ ಅಂದರೆ ಒಳಗಿನ ಆಸೆಯ ಜೊತೆ, ಆಯುಧ ಅಂದರೆ ಕೆಲಸ ಮತ್ತು ಪ್ರಾರ್ಥನೆ ಅನ್ನುವುದು ಅವರ ದಾರಿ. ಶಿಷ್ಯರು ಹೊಲಕ್ಕಿಳಿದು ಶೇಂಗಾ ಬೆಳೆದರು. ಕ್ರೈಸ್ತರ ಪಾಯಸಕ್ಕೆ ಬೀಳುವ ಶೇಂಗಾ ಮುರೀದ್ ರೈತನ ಹೊಲದ್ದೇ ಆಗಿರುವ ಸಾಧ್ಯತೆ ಬಹಳ.

ಲಾಯೆನ್ ಅಂತ ಇನ್ನೊಂದು ಸಣ್ಣ ಪಂಥ ಇದೆ, ಡಾಕರ್‌ನ ಕಡಲ ದಂಡೆಯಲ್ಲಿ. ಬಿಳಿ ಬಟ್ಟೆ ಹಾಕುತ್ತಾರೆ. 1883ರಲ್ಲಿ ಲಿಮಾಮು ಲಾಯ್ ಎಂಬ ಮೀನುಗಾರ ತಾನೇ ಮಹ್ದಿ, ಅಂದರೆ ಲೋಕದ ಕೊನೆಗಾಲದಲ್ಲಿ ಬರುವ ದಾರಿತೋರುಗ, ಅಂತ ಸಾರಿದರು. ಅವರ ಮಗನ ಹೆಸರು ಈಸಾ. ಈಸಾ ಅಂದರೆ ಯೇಸು. ಮರಳಿ ಬಂದ ಯೇಸುವೇ ಈ ಮಗ ಅಂತ ಆ ಪಂಥದವರ ನಂಬಿಕೆ. ಬೇರೆ ಮುಸ್ಲಿಮರೂ ಒಪ್ಪುವುದಿಲ್ಲ, ಕ್ರೈಸ್ತರೂ ಒಪ್ಪುವುದಿಲ್ಲ. ಆದರೂ ಅವರ ಪಾಡಿಗೆ ಅವರಿದ್ದಾರೆ.

12. ಹಾಗಾದರೆ ಎರಡೂ ಧರ್ಮದ ನಂಬಿಕೆ ಒಂದೇನಾ?

ಅಲ್ಲ. ಇದನ್ನು ತೇಲಿಸಿ ಹೇಳಬಾರದು.

ಒಂದಿಷ್ಟು ಒಂದೇ. ಒಬ್ಬನೇ ದೇವರು, ಇಬ್ರಾಹಿಂ, ಮೂಸಾ. ಕುರಾನಿನ ಹತ್ತೊಂಬತ್ತನೆಯ ಅಧ್ಯಾಯದ ಹೆಸರೇ ಮರ್ಯಮ್, ಯೇಸುವಿನ ತಾಯಿ ಮೇರಿ. ಕನ್ಯೆಯ ಹೊಟ್ಟೆಯಲ್ಲಿ ಈಸಾ ಹುಟ್ಟಿದ ಅನ್ನುವುದನ್ನು ಮುಸ್ಲಿಮರೂ ನಂಬುತ್ತಾರೆ. ಆದರೆ ಕ್ರೈಸ್ತರಿಗೆ ಆತ ದೇವರ ಮಗ, ಮುಸ್ಲಿಮರಿಗೆ ಪ್ರವಾದಿ. ಆತ ಶಿಲುಬೆಯ ಮೇಲೆ ಸತ್ತ ಅನ್ನುವುದು ಕ್ರೈಸ್ತ ಧರ್ಮದ ಬುಡ. ಕುರಾನ್ ಅದನ್ನು ಒಪ್ಪುವುದಿಲ್ಲ.

ಈಗ ನ್ಗಲಾಖ್ ನೆನಪು ಮಾಡಿಕೊಳ್ಳಿ. ಶಿಲುಬೆಯ ದಿನದ ತಿನಿಸು ಅದು. ಆ ದಿನ ಹಾಗೆ ನಡೆದೇ ಇಲ್ಲ ಅಂತ ನಂಬುವವರು ಬಟ್ಟಲು ಖಾಲಿ ಮಾಡುತ್ತಾರೆ. ಕೊಡುವವರಿಗೂ ಇದು ಗೊತ್ತು. ಚರ್ಚೆ ಮಾಡಿ ಒಪ್ಪಂದಕ್ಕೆ ಬಂದ ಮೇಲೆ ಪಾಯಸ ಹಂಚೋಣ ಅಂತ ಕೂತಿದ್ದರೆ ಇನ್ನೂ ಯಾರೂ ತಿಂದಿರುತ್ತಿರಲಿಲ್ಲ.

ಮೇಲಿನ ಮಟ್ಟದ ಮಾತುಕತೆಗೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. 1965ರಲ್ಲಿ ವ್ಯಾಟಿಕನ್ ಸಭೆ ಮುಸ್ಲಿಮರನ್ನು ಗೌರವದಿಂದ ಕಾಣುತ್ತೇವೆ ಅಂತ ಬರೆದುಕೊಟ್ಟಿತು. 2019ರಲ್ಲಿ ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಅಲ್ ಅಜ್ಹರ್ ಮಸೀದಿಯ ದೊಡ್ಡ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಮಾನವ ಸೋದರತೆಯ ಪತ್ರಕ್ಕೆ ಸಹಿ ಹಾಕಿದರು. ಫಾಡಿಯೂತ್‌ನ ಸ್ಮಶಾನ ಇವೆರಡಕ್ಕೂ ಕಾಯಲಿಲ್ಲ, ಅಷ್ಟೇ.

13. 'ತಮಾಷೆ ನಂಟು' ಅಂದರೇನು?

ನನಗೆ ತುಂಬಾ ಇಷ್ಟವಾದ ಪದ್ಧತಿ. ಕೆಲವು ಮನೆತನಗಳ ನಡುವೆ, ಕೆಲವು ಜನಾಂಗಗಳ ನಡುವೆ ಒಬ್ಬರನ್ನೊಬ್ಬರು ಬೈದು ಹಂಗಿಸುವ ಹಕ್ಕಿದೆ. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ನ್ಡಿಯಾಯ್ ಮತ್ತು ದಿಯೋಪ್ ಮನೆತನದವರು ಹೀಗೆ. ಸೆರೆರ್ ಮತ್ತು ಜೋಲಾ ಜನ ಹೀಗೆ. ಸೆರೆರ್ ಮತ್ತು ತುಕುಲೋರ್ ಕೂಡ.

"ಹೆಸರೇನು?" "ದಿಯೋಪ್." "ಅಯ್ಯೋ, ಹೊಟ್ಟೆಬಾಕರ ಮನೆಯವನಾ? ತಟ್ಟೆ ಒಳಗಿಡ್ರೋ!" ಇದು ಸರ್ಕಾರಿ ಕಚೇರಿಯಲ್ಲಿ, ಮೊದಲ ಸಲ ಕಂಡವನಿಗೆ ಹೇಳುವ ಮಾತು. ಅವನೂ ನಕ್ಕು ಎರಡು ಬಿಗಿಯುತ್ತಾನೆ. ಕೆಲಸ ಬೇಗ ಆಗುತ್ತದೆ. ನಮ್ಮಲ್ಲಿ ಬೀಗರನ್ನು, ಭಾವ ಮೈದುನರನ್ನು ಕಾಲೆಳೆಯುವ ಹಾಗೆ.

ತುಕುಲೋರರು ಬಹಳ ಹಿಂದೆಯೇ ಮುಸ್ಲಿಮರಾದವರು. ದೇಶದ ಕ್ರೈಸ್ತರಲ್ಲಿ ಸೆರೆರರು ಬಹಳ. ಇವರಿಬ್ಬರ ನಡುವೆಯೇ ತಮಾಷೆ ನಂಟು ಇರುವುದು ಎಷ್ಟು ಅನುಕೂಲ ನೋಡಿ. ನಗುತ್ತಾ ಬೈಯಲು ದಾರಿ ಇದ್ದರೆ, ಹಲ್ಲು ಕಡಿದು ಬೈಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

14. ಮದುವೆ ಆಗ್ತಾರಾ?

ಆಗುತ್ತಾರೆ. ಆದರೆ ತಕ್ಕಡಿ ಸಮ ಇಲ್ಲ. ಇಸ್ಲಾಂ ಕಟ್ಟಳೆ ಪ್ರಕಾರ ಮುಸ್ಲಿಂ ಗಂಡು ಕ್ರೈಸ್ತ ಹೆಣ್ಣನ್ನು ಮದುವೆಯಾಗಬಹುದು. ಮುಸ್ಲಿಂ ಹೆಣ್ಣು ಕ್ರೈಸ್ತ ಗಂಡನ್ನು ಮದುವೆಯಾಗುವುದನ್ನು ಹೆಚ್ಚಿನ ಮೌಲ್ವಿಗಳು ಒಪ್ಪುವುದಿಲ್ಲ. 1972ರ ಕುಟುಂಬ ಕಾನೂನಿನ ಪ್ರಕಾರ ನೋಂದಣಿ ಮದುವೆಗೆ ಧರ್ಮ ಅಡ್ಡ ಬರುವುದಿಲ್ಲ, ಆದರೆ ಮನೆಯವರು ಅಡ್ಡ ಬರಬಹುದಲ್ಲ. ಹುಡುಗ ಮುಸ್ಲಿಮನಾಗಬೇಕು ಅನ್ನುತ್ತಾರೆ. ಮಕ್ಕಳು ಹೆಚ್ಚಾಗಿ ತಂದೆಯ ಧರ್ಮಕ್ಕೇ ಹೋಗುತ್ತಾರೆ. ಸಣ್ಣ ಸಮುದಾಯಕ್ಕೆ ಇದು ತಲೆಬಿಸಿಯ ವಿಷಯವೇ. ಹೊಂದಾಣಿಕೆಯ ಖರ್ಚನ್ನು ಇಲ್ಲಿ ಹೆಣ್ಣುಮಕ್ಕಳು ಜಾಸ್ತಿ ಕಟ್ಟುತ್ತಾರೆ ಅನ್ನುವುದನ್ನು ಹೊಗಳಿಕೆಯ ನಡುವೆ ಮರೆಯಬಾರದು.

15. ಶಾಲೆಯಲ್ಲಿ ಹಿಜಾಬ್ ಗಲಾಟೆ ಆಗಿತ್ತಲ್ವಾ?

2019ರಲ್ಲಿ ಆಗಿತ್ತು. ಡಾಕರ್‌ನ ಒಂದು ಹೆಸರಾಂತ ಕ್ಯಾಥೊಲಿಕ್ ಶಾಲೆ ತಲೆಗೆ ಬಟ್ಟೆ ಹಾಕಬಾರದು ಅಂತ ನಿಯಮ ತಂದಿತು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ 22 ಹುಡುಗಿಯರನ್ನು ಗೇಟಿನಲ್ಲೇ ನಿಲ್ಲಿಸಿದರು. ದೇಶ ಎರಡು ಭಾಗವಾಯಿತು. "ನಮ್ಮ ಮಕ್ಕಳೇ ಹೆಚ್ಚಾಗಿ ಓದುವ ಶಾಲೆ ಇದು" ಅಂತ ಮುಸ್ಲಿಂ ತಂದೆತಾಯಿಯರು. "ಖಾಸಗಿ ಶಾಲೆಗೆ ತನ್ನ ನಿಯಮ ಇರಬಾರದಾ?" ಅಂತ ಇನ್ನೊಂದು ಕಡೆ. ಸರ್ಕಾರ, ಚರ್ಚ್ ಕೂತು ಮಾತಾಡಿದವು. ಕೊನೆಗೆ ತೀರ್ಮಾನ ಆಯಿತು. ಬಟ್ಟೆ ಹಾಕಿಕೊಳ್ಳಬಹುದು, ಆದರೆ ಶಾಲೆಯೇ ಕೊಡುವ, ಸಮವಸ್ತ್ರ ಮುಚ್ಚದ ಅಳತೆಯದು. ಹುಡುಗಿಯರು ಕ್ಲಾಸಿಗೆ ವಾಪಸ್ ಬಂದರು.

ಕರ್ನಾಟಕದವರಿಗೆ ಇದನ್ನು ಓದಿ 2022 ನೆನಪಾಗುತ್ತದೆ. ಎರಡೂ ಒಂದೇ ಅಲ್ಲ. ಇಲ್ಲಿ ಶುರುವಾದದ್ದು ಸರ್ಕಾರಿ ಕಾಲೇಜಿನಲ್ಲಿ, ಬಗೆಹರಿಸಲು ಹೋದದ್ದು ಕೋರ್ಟಿಗೆ. ಅಲ್ಲಿ ಬಟ್ಟೆಯ ಅಳತೆ ತೆಗೆದು ಮುಗಿಸಿದರು.

16. ಕ್ರೈಸ್ತರು ಅಷ್ಟು ಕಮ್ಮಿ ಇದ್ದಾರೆ. ಕಮ್ಮಿ ಇರುವವರ ಜೊತೆ ಚೆನ್ನಾಗಿರುವುದು ಸುಲಭ ಅಲ್ವಾ?

ಒಳ್ಳೆಯ ಪ್ರಶ್ನೆ. ಅರ್ಧ ಒಪ್ಪುತ್ತೇನೆ. ಓಟಿನ ಲೆಕ್ಕದಲ್ಲಿ ಕ್ರೈಸ್ತರಿಂದ ಯಾರಿಗೂ ಭಯ ಇಲ್ಲ. ಆದರೆ ಕಮ್ಮಿ ಇರುವವರನ್ನು ತುಳಿಯುವುದು ಇನ್ನೂ ಸುಲಭ ಅಲ್ಲವೇ? ಜಗತ್ತಿನಲ್ಲಿ ಅದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಲೆಕ್ಕ ಉಲ್ಟಾ ಇರುವ ಫಾಡಿಯೂತ್‌ನಲ್ಲೂ ನಡೆಯುತ್ತಿದೆ ಅಂದರೆ ಬರೀ ಸಂಖ್ಯೆಯ ಕಥೆ ಅಲ್ಲ ಅನ್ನಿಸುತ್ತದೆ.

17. ಕಸಾಮಾನ್ಸ್ ಕಡೆ ಬಂದೂಕಿನ ಹೋರಾಟ ಇದೆಯಂತೆ. ಅದು ಧರ್ಮದ್ದಾ?

ದಕ್ಷಿಣದ ಕಸಾಮಾನ್ಸ್‌ನಲ್ಲಿ 1982ರಿಂದ ಪ್ರತ್ಯೇಕ ದೇಶಕ್ಕಾಗಿ ಹೋರಾಟ ನಡೆದಿದೆ, ಜನ ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ. ಅದರ ಹೆಸರಾಂತ ನಾಯಕ ಒಬ್ಬ ಕ್ಯಾಥೊಲಿಕ್ ಪಾದ್ರಿ, ಆಗಸ್ಟಿನ್ ದಿಯಮಕೂನ್ ಸೆಂಗೋರ್. ಇದನ್ನು ಕ್ರೈಸ್ತರ ಬಂಡಾಯ ಅಂತ ಬಣ್ಣ ಹಚ್ಚಲು ಇಷ್ಟು ಸಾಕಿತ್ತು. ಆದರೆ ಹೋರಾಟಗಾರರಲ್ಲಿ ಮುಸ್ಲಿಮರೂ ಇದ್ದರು. ಜಗಳ ಭೂಮಿಯದು, ಡಾಕರ್ ನಮ್ಮನ್ನು ಕಡೆಗಣಿಸಿದೆ ಅನ್ನುವ ನೋವಿನದು.

18. ಸರ್ಕಾರ ಯಾರ ಕಡೆ?

ಸಂವಿಧಾನದ ಮೊದಲ ವಿಧಿಯಲ್ಲೇ ಜಾತ್ಯತೀತ ಗಣರಾಜ್ಯ ಅಂತ ಇದೆ. ಧರ್ಮದ ಹೆಸರಲ್ಲಿ ಪಕ್ಷ ಕಟ್ಟುವ ಹಾಗಿಲ್ಲ. ಎರಡೂ ಕಡೆಯ ಹಬ್ಬಕ್ಕೆ ರಜೆ ಇದೆ. ಈದ್, ಬಕ್ರೀದ್, ತೂಬಾದ ಮಾಗಲ್ ಜಾತ್ರೆ ಒಂದು ಕಡೆ. ಕ್ರಿಸ್ಮಸ್, ಈಸ್ಟರ್ ಸೋಮವಾರ, ಪೆಂತೆಕೊಸ್ತ್ ಸೋಮವಾರ ಇನ್ನೊಂದು ಕಡೆ. ಆ ಪೆಂತೆಕೊಸ್ತ್ ಸೋಮವಾರ ಪೊಪೆಂಗೀನ್ ಎಂಬ ಊರಿನ ಮೇರಿಮಾತೆಯ ಯಾತ್ರೆ. 1888ರಿಂದ ನಡೆಯುತ್ತಿದೆ. ಡಾಕರ್‌ನಿಂದ ಹುಡುಗ ಹುಡುಗಿಯರು ನಡೆದೇ ಹೋಗುತ್ತಾರೆ. ಹಜ್‌ಗೆ ಹೋಗುವವರಿಗೆ ಸಹಾಯ ಮಾಡುವ ಸರ್ಕಾರ, ರೋಮ್ ಮತ್ತು ಜೆರುಸಲೇಂಗೆ ಹೋಗುವ ಕ್ಯಾಥೊಲಿಕರಿಗೂ ಮಾಡುತ್ತದೆ.

19. ನಮಗೂ ಅದಕ್ಕೂ ಏನಾದರೂ ನಂಟಿದೆಯಾ?

ಮರದ ನಂಟಿದೆ. ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಿದ್ದೀರಾ? ನವಾಬರ ಊರು, ಖಾರ ಸವಿಯುವವರ ಊರು. ಅಲ್ಲಿನ ದೊಡ್ಡಹುಣಸೆ ಕಲ್ಮಠದಲ್ಲಿ ಆನೆ ಗಾತ್ರದ ಮೂರು ಹಳೆಯ ಮರಗಳಿವೆ. ನಾವು 'ದೊಡ್ಡ ಹುಣಸೆ' ಅನ್ನುವುದು ಬಾವೊಬಾಬ್‌ಗೇ. ಆಫ್ರಿಕಾದ ಮರ, ಮಠದ ಅಂಗಳದಲ್ಲಿ. ಅದರಲ್ಲಿ ಒಂದು 2023ರ ಮಳೆಯಲ್ಲಿ ಉರುಳಿಬಿತ್ತು. ಸುಮ್ಮನೆ ಬಿಡದೆ ಮತ್ತೆ ಎತ್ತಿ ನಿಲ್ಲಿಸಿದರು. ಚಿಕ್ಕವನಿದ್ದಾಗ ಅದರ ಬುಡ ಅಳೆಯಲು ನಾವು ಹುಡುಗರು ಕೈ ಕೈ ಹಿಡಿದು ನಿಂತದ್ದಿದೆ. ಡಾಕರ್‌ನಲ್ಲಿ ಅದೇ ಮರ ಕಂಡಾಗ, "ಅರೆ, ನಮ್ಮ ದೊಡ್ಡ ಹುಣಸೆ!" ಅಂತ ಕೂಗಿದೆ. ಪಕ್ಕದಲ್ಲಿದ್ದವರು, "ನಮ್ಮದು" ಅಂದರು.

20. ನ್ಗಲಾಖ್ ಮನೆಯಲ್ಲಿ ಮಾಡಬಹುದಾ?

ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದವರಿಗೆ ಮುಕ್ಕಾಲು ಸಾಮಾನು ಅಡುಗೆಮನೆಯಲ್ಲೇ ಇದೆ. ತೊಂದರೆ ಹುಳಿಯದು. ನಾನು ಮೊದಲ ಸಲ ಸಾದಾ ಹುಣಸೆರಸ ಹಾಕಿದೆ. ಶೇಂಗಾ ಜೊತೆ ಸೇರಿ ಪುಳಿಯೋಗರೆಗೆ ಸಕ್ಕರೆ ಬಿದ್ದ ಹಾಗಾಯಿತು, ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಎರಡನೆಯ ಸಲ ಗಟ್ಟಿ ಮೊಸರಿಗೆ ಸ್ವಲ್ಪ ನಿಂಬೆ ಹಿಂಡಿ ಹಾಕಿದೆ. ಪರವಾಗಿಲ್ಲ ಅನ್ನುವಂತಿತ್ತು. ಸಜ್ಜೆ ಹಿಟ್ಟನ್ನು ಕಾಳು ಕಟ್ಟುವಾಗ ನೀರು ಒಂದೇ ಸಲ ಸುರಿಯಬೇಡಿ, ರೊಟ್ಟಿ ಹಿಟ್ಟಾಗಿಬಿಡುತ್ತದೆ. ಚಿಮುಕಿಸಿ, ತಿರುಗಿಸಿ, ಜರಡಿ ಹಿಡಿಯಿರಿ. ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಎರಡು ಸಲ ಬೇಯಿಸಿ. ಮತ್ತೆ ಅಳತೆ ಮಾತ್ರ ಕಮ್ಮಿ ಇಟ್ಟುಕೊಳ್ಳಿ ಅಂತ ಹೇಳಲು ಹೋಗುವುದಿಲ್ಲ. ನಾನು ಎಷ್ಟು ಸಲ ಮಾಡಿದರೂ ಒಂದು ಬಕೆಟ್ ಆಗುತ್ತದೆ.